ವಿಡಂಬನೆಯ ಚಿತ್ರದಲ್ಲಿ ನಗು ಗುರಿ ತಪ್ಪುವುದೆಲ್ಲಿ?

ಪ್ರಶ್ನೆ:
ಅರ್ಜಿ ಹಿಡಿದು ವರ್ಷಗಟ್ಟಲೆ ಅಲೆಯುವವರ ಕುರಿತು ಲಿನೋಕಟ್ (ಲಿನೋಲಿಯಂ ಹಾಳೆಯನ್ನು ಕೆತ್ತಿ ಅಚ್ಚೊತ್ತುವ ಚಿತ್ರ) ಸರಣಿಯೊಂದನ್ನು ಮಾಡುತ್ತಿದ್ದೇನೆ. ಮೊದಲ ಚಿತ್ರದಲ್ಲಿ ಅಧಿಕಾರಿಗೆ ಭಾರಿ ಹೊಟ್ಟೆಯನ್ನು ಬಿಡಿಸಿದ್ದೆ. ನೋಡಿದವರೆಲ್ಲ ನಕ್ಕರು, ಆದರೆ ನಕ್ಕದ್ದು ಹೊಟ್ಟೆಯನ್ನು ಕಂಡು. ವಿಳಂಬದ ಮಾತನ್ನು ಒಬ್ಬರೂ ಎತ್ತಲಿಲ್ಲ. ಆ ನಗುವನ್ನು ವ್ಯವಸ್ಥೆಯತ್ತ ತಿರುಗಿಸುವುದು ಹೇಗೆ?

ಉತ್ತರ 1:
ಸ್ಪೇನಿನ ಕಲಾವಿದ ಗೋಯಾ 1799ರಲ್ಲಿ ಪ್ರಕಟಿಸಿದ ‘ಲಾಸ್ ಕ್ಯಾಪ್ರಿಚೋಸ್’ ಎಂಬ 80 ಚಿತ್ರಗಳ ಸರಣಿಯಲ್ಲಿ 40ನೆಯದನ್ನು ನಿಧಾನವಾಗಿ ನೋಡಿ. ಉಡುಪು ತೊಟ್ಟ ಕತ್ತೆಯೊಂದು ಹಾಸಿಗೆಯ ಪಕ್ಕದಲ್ಲಿ ಕುಳಿತು ರೋಗಿಯ ನಾಡಿ ಹಿಡಿದಿದೆ. ಇವನು ಯಾವ ರೋಗದಿಂದ ಸಾಯುವನು ಎಂದು ಅಡಿಬರಹ ಕೇಳುತ್ತದೆ. ಅಲ್ಲಿ ಯಾವ ವೈದ್ಯನ ಮುಖವೂ ಇಲ್ಲ. ಕತ್ತೆಯ ಗಾಂಭೀರ್ಯವೇ ವಿಡಂಬನೆ. ಆ ಕತ್ತೆ ಕೋಡಂಗಿಯಂತೆ ಹಲ್ಲು ಕಿರಿದಿದ್ದರೆ ಚಿತ್ರ ಅಲ್ಲಿಗೇ ಮುಗಿಯುತ್ತಿತ್ತು.

ಉತ್ತರ 2:
ತಪ್ಪು ಹೊಟ್ಟೆಯದಲ್ಲ, ಅದಕ್ಕೆ ಚಿತ್ರದಲ್ಲಿ ಕೆಲಸವಿಲ್ಲದಿರುವುದು. ಫ್ರೆಂಚ್ ವ್ಯಂಗ್ಯಚಿತ್ರಕಾರ ದೊಮಿಯೆ 1831ರಲ್ಲಿ ಫ್ರಾನ್ಸಿನ ದೊರೆ ಲೂಯಿ ಫಿಲಿಪ್‌ನನ್ನು ‘ಗಾರ್ಗಾಂಟುವಾ’ ಎಂಬ ಹೊಟ್ಟೆಬಾಕ ದೈತ್ಯನನ್ನಾಗಿ ಚಿತ್ರಿಸಿದಾಗ, ನೆಲದಿಂದ ಅವನ ಬಾಯಿಯವರೆಗೆ ಹಲಗೆಯೊಂದನ್ನು ಚಾಚಿ, ಅದರ ಮೇಲೆ ಬಡವರ ಹಣದ ಬುಟ್ಟಿಗಳನ್ನು ಹೊತ್ತ ಆಳುಗಳನ್ನು ಹತ್ತಿಸಿ, ದೊರೆಯ ಆಸನದ ಅಡಿಯಿಂದ ಆಪ್ತರಿಗೆ ಬಿರುದು-ಸನ್ನದುಗಳು ಉದುರುವಂತೆ ಮಾಡಿದ. ತೆರಿಗೆ ಎಲ್ಲಿಂದ ಹೊರಟು ಎಲ್ಲಿಗೆ ಸೇರುತ್ತದೆಂಬುದನ್ನು ಆ ದೇಹವೇ ಹೇಳುತ್ತದೆ. ಕಲಾವಿದನಿಗೆ 6 ತಿಂಗಳ ಸೆರೆವಾಸವಾಯಿತು. ನ್ಯಾಯಾಲಯಕ್ಕಂತೂ ಚಿತ್ರ ಚೆನ್ನಾಗಿಯೇ ಅರ್ಥವಾಗಿತ್ತು.

ಉತ್ತರ 3:
ಮೇಲಿನ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಅದೇ ವರ್ಷ ವ್ಯಂಗ್ಯಪತ್ರಿಕೆಯ ಪ್ರಕಾಶಕ ಫಿಲಿಪಾನ್, ದೊರೆಯನ್ನು ಅಣಕಿಸಿದ ಆರೋಪದ ಮೇಲೆ ನ್ಯಾಯಾಲಯದಲ್ಲಿ ನಿಂತಾಗ, ಅದೇ ದೊರೆಯ ಮುಖವನ್ನು 4 ಹಂತಗಳಲ್ಲಿ ಪೇರು (ಪಿಯರ್) ಹಣ್ಣಾಗಿಸಿ, ಇವುಗಳಲ್ಲಿ ಅಪರಾಧಿ ಯಾವುದೆಂಬ ವಾದ ಹೂಡಿದ. ಶಿಕ್ಷೆ ತಪ್ಪಲಿಲ್ಲವಾದರೂ ಪೇರು ಹಣ್ಣು ಗೋಡೆಗೋಡೆಗಳ ಮೇಲೆ ಕಾಣಿಸಿಕೊಂಡಿತು. ಆದರೆ ದೊರೆ ಮಾಡಿದ ತಪ್ಪೇನೆಂಬುದನ್ನು ಆ ಹಣ್ಣೊಂದೇ ಹೇಳಲಾರದು. ಹೋಲಿಕೆ ಸುಲಭವಾದಷ್ಟೂ ಆರೋಪ ಮಸುಕಾಗುವ ಅಪಾಯವಿದೆ.

ಪ್ರಶ್ನೆ ಕೇಳಿದವರು:
ಹೊಟ್ಟೆಯನ್ನು ತೆಗೆದು, ಅಧಿಕಾರಿಯನ್ನು ಸಾಧಾರಣ ಮೈಕಟ್ಟಿನವನನ್ನಾಗಿ ಮಾಡಿ, ಮೇಜನ್ನು ಚೌಕಟ್ಟಿನ ಉದ್ದಕ್ಕೂ ಎಳೆದಿದ್ದೇನೆ. ಅರ್ಜಿದಾರ ಮೇಜಿನ ಮೇಲೆ ಮೊಣಕಾಲೂರಿ ತೆವಳುತ್ತಿದ್ದಾನೆ, ಕೈಯಲ್ಲಿನ ಕಾಗದ ಇನ್ನೂ ಅರ್ಧ ದಾರಿಯಲ್ಲಿದೆ. ಅಧಿಕಾರಿ ಮಾತ್ರ ಬಹಳ ವಿನಯದಿಂದ ಕೈ ಚಾಚಿ ಕುಳಿತಿದ್ದಾನೆ. ನಿನ್ನೆ ತೆಗೆದ ಮೊದಲ ಪ್ರತಿಯಲ್ಲಿ ಮೇಜಿನ ಕಪ್ಪು ತುಸು ಹೆಚ್ಚಾಗಿ ತೆವಳುವವನ ಮೊಣಕಾಲು ಮುಚ್ಚಿಹೋಗಿದೆ, ಆ ಭಾಗವನ್ನು ಇನ್ನೊಮ್ಮೆ ಕೆತ್ತಬೇಕು.