ಪುಟ್ಟಿ, ಆ ಕುದುರೆ ಹಟ ಮಾಡುತ್ತಿಲ್ಲ

ಪುಟ್ಟಿ, ಹರಾಜಿನಿಂದ ಬಿಡಿಸಿ ತಂದ ಉಳುಮೆಯ ಕುದುರೆಗೆ ಸವಾರಿ ಕಲಿಸುತ್ತಾ ನೀನು ಮನೆಯವರ ಗುಂಪಿಗೆ ಹಾಕಿದ ನಾಲ್ಕೂ ವಿಡಿಯೋಗಳನ್ನು ಎರಡೆರಡು ಸಲ ನೋಡಿದೆ. ಇದನ್ನೆಲ್ಲ ಬೆರಳಿನಲ್ಲಿ ಒತ್ತುತ್ತಾ ಕೂತರೆ ಬೆಳಗಾಗುತ್ತದೆ, ಅದಕ್ಕೇ ಮಾತಾಡಿ ಕಳುಹಿಸುತ್ತಿದ್ದೇನೆ. ಕುದುರೆಯ ಕಥೆ ಬೇಡದವರು ಮುಂದಿನ ಸಂದೇಶಕ್ಕೆ ಹೋಗಬಹುದು. ಅಣ್ಣ, ನೀನು ಮಾತ್ರ ಪೂರ್ತಿ ಕೇಳು. "ಹೊಲ ಉತ್ತು ಮುದಿಯಾದ ಕುದುರೆಗೆ ಈಗ ಸವಾರಿ ಕಲಿಸುತ್ತಾಳಂತೆ" ಎಂದು ಬರೆದವನು ನೀನೇ.

ಅಣ್ಣನಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಕೊನೆಯ ಕುದುರೆ ಕಸಾಯಿಖಾನೆಗಳು 2007ರಲ್ಲಿ ಮುಚ್ಚಿದವು. ಆದರೆ ಮಾಂಸಕ್ಕಾಗಿ ಹರಾಜಿನಲ್ಲಿ ಕೊಂಡು ಲಾರಿಗೆ ತುಂಬಿ ಕೆನಡಾಕ್ಕೋ ಮೆಕ್ಸಿಕೋಗೋ ಸಾಗಿಸುವ ದಾರಿ ಮುಚ್ಚಲಿಲ್ಲ. ಅಲ್ಲಿನ ಅಮಿಶ್ ಎಂಬ ಕ್ರೈಸ್ತ ಪಂಗಡದ ರೈತರು ಟ್ರ್ಯಾಕ್ಟರ್ ಬದಲು ಕುದುರೆ, ಹೇಸರಗತ್ತೆ ಕಟ್ಟಿ ಉಳುತ್ತಾರಲ್ಲ, ಅವರ ಕುದುರೆಗೆ ಕಾಲು ಸೋತರೆ ಅದೂ ಹರಾಜಿಗೆ ಬರುತ್ತದೆ. ತೂಕದ ಮೇಲೆ ಬೆಲೆ ಕಟ್ಟುವವನಿಗೆ ಒಂಬೈನೂರು ಕಿಲೋದ ಪ್ರಾಣಿ ಒಳ್ಳೆಯ ವ್ಯಾಪಾರ. ಪುಟ್ಟಿಯ ಹೆಣ್ಣು ಕುದುರೆ, ಬೆಲ್ಜಿಯನ್ ಎಂಬ ಭಾರ ಎಳೆಯುವ ತಳಿಯದು, ಆ ಲಾರಿ ತಪ್ಪಿಸಿಕೊಂಡು ಬಂದದ್ದು. ಪುಟ್ಟಿ ಅದನ್ನು ರೇಸಿಗೆ ತಯಾರು ಮಾಡುತ್ತಿಲ್ಲ. ಅವಳ ಆಸೆ ಕಾಡುದಾರಿಯಲ್ಲಿ ಕೂತು ನಡೆಸುವುದು, ಅಷ್ಟೇ.

ಈಗ ನಿನ್ನ ಪ್ರಶ್ನೆ, ಪುಟ್ಟಿ: ಮೇಲೆ ಕೂತರೆ ಇದು ಹಟ ಮಾಡುವುದೇಕೆ? ಕೈಯಲ್ಲಿ ಹಿಡಿದು ನಡೆಸಿದರೆ ಕುರಿಮರಿ. ಮೇಲೆ ಕೂತು ಹಿಮ್ಮಡಿ ಒತ್ತಿದರೆ ನಿನ್ನ ಕಾಲಿಗೇ ಮೈ ಒರಗಿಸುತ್ತದೆ, ಲಗಾಮು ಬಿಗಿ ಮಾಡಿದರೆ ಬಾಯಿಯ ಭಾರವನ್ನೆಲ್ಲ ನಿನ್ನ ಕೈಗೆ ಹಾಕಿ ಮುಂದಕ್ಕೆ ನುಗ್ಗುತ್ತದೆ. ಲಾಯದವರು ಬಿಗಿಯಾದ ಕಡಿವಾಣ ಹಾಕು ಎಂದರಂತೆ. ಹಾಕಬೇಡ.

ಆ ಪ್ರಾಣಿಗೆ ಹತ್ತು ಹನ್ನೆರಡು ವರ್ಷ ಮನುಷ್ಯರು ಕಲಿಸಿದ್ದು ಒಂದೇ ಪಾಠ. ಕೊರಳಪಟ್ಟಿ ಎದೆಗೆ ತಾಗಿದರೆ ಹಿಂಜರಿಯಬೇಡ, ಅದಕ್ಕೆದುರಾಗಿ ಹೆಗಲು ಕೊಡು. ಸವಾರಿ ಕುದುರೆಗೆ ಕಲಿಸುವುದು ಇದರ ತಿರುಗಾಮುರುಗಾ: ಒತ್ತಿದರೆ ಸರಿ, ಬಿಟ್ಟುಕೊಡು. ಇನ್ನು ಪಕ್ಕೆಗಳು. ನೇಗಿಲಿಗೆ ಕಟ್ಟುವ ಮಿಣಿಗಳು ದಿನವಿಡೀ ಅದರ ಎರಡೂ ಪಕ್ಕೆಗೆ ಉಜ್ಜುತ್ತಿದ್ದವು. ಅವನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿರುವುದು ಒಳ್ಳೆಯ ಕುದುರೆಯ ಲಕ್ಷಣ. ನಿನ್ನ ಕಾಲು ಅದಕ್ಕೆ ಇನ್ನೊಂದು ಮಿಣಿ. ನೀನು ಹಟ ಎನ್ನುವುದು ಅದರ ಮಟ್ಟಿಗೆ ವಿಧೇಯತೆ.

ನನ್ನ ಕುದುರೆ ಬಾಬಣ್ಣನ ಜೊತೆ ನಾನೂ ಇದೇ ತಪ್ಪು ಮಾಡಿದವಳು. ಅವನು ಪರ್ಶೆರಾನ್, ಅದೂ ಭಾರ ಎಳೆಯುವ ತಳಿಯೇ, ನನ್ನ ಬಳಿ ಬಂದಾಗ ಹದಿನಾಲ್ಕು ವರ್ಷ. ಎರಡನೆಯ ವಾರವೇ ಜೀನು ಹಾಕಿ ಹತ್ತಿದೆ. ಅಲ್ಲಿಯವರೆಗೆ ಅವನು ಕಣ್ಣುಪಟ್ಟಿ ಕಟ್ಟಿಕೊಂಡು ಕೆಲಸ ಮಾಡಿದವನು, ಹಿಂದೇನಿದೆ ಎಂದು ನೋಡಿದವನೇ ಅಲ್ಲ. ಆ ದಿನ ಪಟ್ಟಿ ಇರಲಿಲ್ಲ. ಬಲಗಣ್ಣಿನ ಅಂಚಿನಲ್ಲಿ ಎಲ್ಲಿಂದಲೋ ಒಂದು ಕಾಲು ಬೆನ್ನು ದಾಟಿ ಬಂದು ಇಳಿಯಿತು! ಒದೆಯಲಿಲ್ಲ, ಕುಣಿಯಲಿಲ್ಲ, ಗಾಡಿಗೆ ಕಟ್ಟಿದ ಹಾಗೆ ಮುಂದಕ್ಕೆ ಹೊರಟುಬಿಟ್ಟ. ನಾನು ಕೆಸರಿನಲ್ಲಿ ಕೂತಿದ್ದೆ. ಆಮೇಲೆ ಒಂದು ತಿಂಗಳು ಹತ್ತಲಿಲ್ಲ. ಮೆಟ್ಟಿಲು ಪೀಠದ ಮೇಲೆ ನಿಂತು ಎರಡೂ ಕಡೆಯಿಂದ ಅವನ ಬೆನ್ನಿನ ಮೇಲೆ ಕೈ, ಟವೆಲು, ಖಾಲಿ ಚೀಲ ಆಡಿಸುವುದೊಂದೇ ಕೆಲಸ. ಎರಡೂ ಕಡೆಯಿಂದ ಎನ್ನುವುದನ್ನು ನೆನಪಿಡು.

ಅಣ್ಣ, ನಮ್ಮ ಅಪ್ಪ ಎಡದ ಎತ್ತನ್ನು ಬಲಕ್ಕೆ ಕಟ್ಟಿದ ದಿನ ನೊಗ ಏನಾಗಿತ್ತು ನೆನಪಿದೆಯೇ? ಜೋಡಿಯಲ್ಲಿ ಉತ್ತ ಕುದುರೆಯೂ ಹಾಗೆಯೇ. ಒಂದು ಪಕ್ಕದಲ್ಲಿ ಸದಾ ಜೊತೆಗಾರನ ಮೈ ಇರುತ್ತಿತ್ತು, ಈಗ ಅಲ್ಲಿ ಬಯಲು. ಪುಟ್ಟಿ, ನಿನ್ನ ಮೂರನೆಯ ವಿಡಿಯೋದಲ್ಲಿ ಅದು ಬೇಲಿಯ ಕಡೆಗೇ ವಾಲುತ್ತಿರುವುದು ಅದಕ್ಕೇ ಇರಬಹುದು. ಮೊದಲ ತಿಂಗಳುಗಳಲ್ಲಿ ಒಂಟಿಯಾಗಿ ದಾರಿಗೆ ಕರೆದೊಯ್ಯಬೇಡ, ಆ ಪಕ್ಕದಲ್ಲಿ ಇನ್ನೊಂದು ಸಾಧು ಕುದುರೆ ನಡೆಯಲಿ.

ಇದೆಲ್ಲಕ್ಕಿಂತ ಮುಂಚೆ ಮೈ ನೋಡಿಸು. ಹಲ್ಲು ನೋಡಿ ಹದಿನೈದು ಎಂದಿದ್ದಾರೆ, ಆದರೆ ಹತ್ತು ದಾಟಿದ ಮೇಲೆ ಹಲ್ಲಿನ ಲೆಕ್ಕ ಬರೀ ಅಂದಾಜು. ನನಗೆ ಹೆಚ್ಚು ಚಿಂತೆ ಸ್ನಾಯುವಿನದು. ಪಿಎಸ್‌ಎಸ್‌ಎಂ ಎಂಬ ವಂಶವಾಹಿ ದೋಷವೊಂದಿದೆ, ಸಕ್ಕರೆಯ ಅಂಶವನ್ನು ಸ್ನಾಯು ಅತಿಯಾಗಿ ಕೂಡಿಡುತ್ತದೆ. ಅದರ ಒಂದು ಬಗೆಗೆ ಕಾರಣವಾದ ವಂಶವಾಹಿ 2008ರಲ್ಲಿ ಪತ್ತೆಯಾಯಿತು. ಬೆಲ್ಜಿಯನ್, ಪರ್ಶೆರಾನ್ ತಳಿಗಳಲ್ಲಿ ಇದು ಬಹಳ. ಇಂಥ ಕುದುರೆ ಸ್ವಲ್ಪ ನಡೆಯುವಷ್ಟರಲ್ಲಿ ಸೆಟೆದುಕೊಳ್ಳುತ್ತದೆ, ಜನ ಸೋಮಾರಿ ಎನ್ನುತ್ತಾರೆ. ಕುತ್ತಿಗೆಯ ಕೇಸರದ ಇಪ್ಪತ್ತು ಮೂವತ್ತು ಕೂದಲನ್ನು ಬೇರುಸಮೇತ ಕಿತ್ತು ಪ್ರಯೋಗಾಲಯಕ್ಕೆ ಕಳುಹಿಸಿದರೆ ಆ ಬಗೆ ಇದೆಯೇ ಎಂದು ಗೊತ್ತಾಗುತ್ತದೆ. ದೋಷವಿದ್ದರೆ ಮೆಕ್ಕೆಜೋಳ, ಓಟ್ಸ್, ಬೆಲ್ಲದ ಪಾಕ ಹಾಕಿದ ತಿಂಡಿ ನಿಲ್ಲಿಸಿ, ಹುಲ್ಲಿನ ಜೊತೆ ಎಣ್ಣೆಯ ಅಂಶ ಹೆಚ್ಚಿಸುತ್ತಾರೆ. ದಿನವೂ ನಡೆಸಲೇಬೇಕು, ಲಾಯದಲ್ಲಿ ಕಟ್ಟಿಹಾಕಿದರೆ ಕೆಟ್ಟಿತು. ಹಿಂಗಾಲು ಎತ್ತುವಾಗ, ಹಿಂದಕ್ಕೆ ನಡೆಯುವಾಗ ಕಾಲು ನಡುಗುತ್ತದೆಯೇ ಎಂಬುದನ್ನೂ ವೈದ್ಯರಿಗೆ ತೋರಿಸು. ಎತ್ತರದ ಕುದುರೆಗಳಲ್ಲಿ ಅದು ಬೇರೆಯೇ ಕಾಯಿಲೆ.

ಭಾವ ಬರೆದಿದ್ದಾರೆ, ಅಷ್ಟು ದೊಡ್ಡ ಕುದುರೆಯ ಮೇಲೆ ಇಡೀ ಮನೆಯವರು ಕೂರಬಹುದು ಎಂದು. ಭಾವ, ಲೆಕ್ಕ ಹಾಗಲ್ಲ. ಸವಾರನೂ ಜೀನೂ ಸೇರಿ ಕುದುರೆಯ ತೂಕದ ನೂರಕ್ಕೆ ಇಪ್ಪತ್ತು ಮೀರಬಾರದು ಎಂಬ ಮಾತಿಗೆ ಎಲ್ಲರೂ ತೋರಿಸುವ 2008ರ ಓಹಾಯೋ ಅಧ್ಯಯನ ನಡೆದದ್ದು ಎಂಟು ಹಗುರ ತಳಿಯ ಸವಾರಿ ಕುದುರೆಗಳ ಮೇಲೆ. ಎಳೆಯುವ ಕುದುರೆಯ ಬಲ ಹೆಗಲಲ್ಲಿ ಮತ್ತು ಹಿಂಭಾಗದಲ್ಲಿ. ಬೆನ್ನು ಹೊರುವುದನ್ನು ಇನ್ನೂ ಕಲಿತಿಲ್ಲ. ಬಾಬಣ್ಣನ ಮೇಲೆ ಮತ್ತೆ ಕೂರತೊಡಗಿದಾಗ ಮೊದಲ ಎರಡು ತಿಂಗಳು ನಾನು ಹತ್ತಿದ್ದೇ ಒಂದು ಸಲಕ್ಕೆ ಹದಿನೈದು ನಿಮಿಷ, ಅದೂ ನಡಿಗೆ ಮಾತ್ರ. ನಾಗಾಲೋಟ ಇವತ್ತಿಗೂ ಕೇಳಿಲ್ಲ. ಜೀನು ಅಗಲದ್ದಾಗಿರಲಿ. ಅವುಗಳ ಬೆನ್ನು ಪೀಪಾಯಿಯ ಹಾಗೆ ಗುಂಡಗೆ, ಇಕ್ಕಟ್ಟಾದ ಜೀನು ಹೆಗಲನ್ನು ಕಚ್ಚುತ್ತದೆ ಇಲ್ಲವೇ ಹೊಟ್ಟೆಯ ಕೆಳಕ್ಕೆ ತಿರುಗುತ್ತದೆ. ನೆಲದಿಂದ ಹತ್ತಲೇ ಬೇಡ, ಯಾವಾಗಲೂ ಪೀಠದಿಂದ.

ಕಲಿಸುವುದು ಹೇಗೆ? ಅದಕ್ಕೆ ಬರುವ ಭಾಷೆಯಿಂದಲೇ. ಅದು "ಜೀ" ಎಂದರೆ ಬಲಕ್ಕೆ, "ಹಾ" ಎಂದರೆ ಎಡಕ್ಕೆ, "ವೋ" ಎಂದರೆ ನಿಲ್ಲುತ್ತದೆ. ನೀನು ಈ ಮಾತುಗಳನ್ನು ಒಂದು ಸಲವೂ ಬಳಸಿಲ್ಲ, ನಾಲ್ಕು ವಿಡಿಯೋದಲ್ಲೂ ಬಾಯಿ ಮುಚ್ಚಿಕೊಂಡು ಕೂತಿದ್ದೀಯೆ! ಮೊದಲು ಉದ್ದ ಲಗಾಮು ಹಿಡಿದು, ಒದೆತಕ್ಕೆ ಸಿಗದಷ್ಟು ದೂರದಲ್ಲಿ, ಅದರ ಹಿಂದೆ ನಡೆ. ಅದಕ್ಕೆ ತವರಿಗೆ ಬಂದ ಹಾಗಾಗುತ್ತದೆ. ಕೆಲವು ದಿನಗಳಾದ ಮೇಲೆ ಪಕ್ಕೆಯ ಹತ್ತಿರ ನಡೆ, ಆಮೇಲೆ ಹೆಗಲ ಹತ್ತಿರ. ನೀನು ಮೇಲೆ ಕೂತಾಗ ಗೊತ್ತಿರುವವರೊಬ್ಬರು ಮುಂದೆ ಹಿಡಿದು ನಡೆಸಲಿ. ಸೂತ್ರ ಇಷ್ಟೇ: ಹೊಸ ಸನ್ನೆ ಮೊದಲು, ಹಳೆಯ ಮಾತು ಆಮೇಲೆ. ಕಾಲನ್ನು ಮೆಲ್ಲಗೆ ತಾಗಿಸು, ಒಂದು ಉಸಿರು ಬಿಟ್ಟು ಹೊರಡುವ ಮಾತು ಹೇಳು. ಹೊರಟ ಕ್ಷಣ ಕಾಲು ತೆಗೆ. ನಿಲ್ಲಿಸುವಾಗಲೂ ಉಸಿರು ಬಿಟ್ಟು ಭಾರವಾಗಿ ಕೂತುಕೋ, ಆಮೇಲೆ "ವೋ". ಬಾಬಣ್ಣ ಮೂರು ವಾರದಲ್ಲಿ ಮಾತಿಗೆ ಮುಂಚೆಯೇ ನಿಲ್ಲತೊಡಗಿದ. ಹಿಂದಿನ ಜನ್ಮದ ಪುಣ್ಯವೇನಲ್ಲ, ಅವುಗಳಿಗೆ ಕೆಲಸ ಅರ್ಥವಾದರೆ ಸಾಕು.

ನಾಳೆ ಒಂದು ಕೆಲಸ ಮಾಡು. ಒಂದು ದಾರವನ್ನು ಅದರ ಬಾಯಿಯ ಈ ಮೂಲೆಯಿಂದ ಆ ಮೂಲೆಗೆ ಹಿಡಿದು ಅಳತೆ ತೆಗೆದು ಕಳುಹಿಸು. ಅಂಗಡಿಯ ಐದಿಂಚಿನ ಕಡಿವಾಣ ಅದಕ್ಕೆ ತುಟಿ ಕಚ್ಚುತ್ತಿದೆ ಎಂದು ನನ್ನ ಅನುಮಾನ, ಎರಡನೆಯ ವಿಡಿಯೋದಲ್ಲಿ ತಲೆ ಕೊಡವಿದ್ದನ್ನು ನೋಡಿದೆ. ನನ್ನ ಹತ್ತಿರ ಬಾಬಣ್ಣನ ಆರೂವರೆ ಇಂಚಿನದೊಂದು ಸುಮ್ಮನೆ ನೇತಾಡುತ್ತಿದೆ. ಸರಿಹೊಂದುವ ಹಾಗಿದ್ದರೆ ಸೋಮವಾರವೇ ಅಂಚೆಗೆ ಹಾಕುತ್ತೇನೆ.