ಠೇವಣಿ, ಬಿ ಫಾರಂ, ಅನರ್ಹ... ಇವು ಸರಿಯಾಗಿ ಅಂದ್ರೇನು? ಮಗಳ ಮುಂದೆ ಮರ್ಯಾದೆ ಹೋಯ್ತು

ಸುಮ್ನೆ_ಕೇಳ್ದೆ
ಇಪ್ಪತ್ತು ವರ್ಷದಿಂದ ಓಟ್ ಹಾಕ್ತಿದೀನಿ, ಕೌಂಟಿಂಗ್ ದಿನ ರಜೆ ಹಾಕಿ ಬೆಳಗ್ಗೆ ಎಂಟಕ್ಕೇ ಟಿವಿ ಮುಂದೆ ಕೂರೋ ಗಿರಾಕಿ ನಾನು. ಮೊನ್ನೆ ಒಂಬತ್ತನೇ ಕ್ಲಾಸಲ್ಲಿರೋ ಮಗಳು ಠೇವಣಿ ಹೋಯ್ತು ಅಂದ್ರೇನಪ್ಪಾ ಅಂದ್ಲು, ಹೀನಾಯವಾಗಿ ಸೋತ ಅಂತ ಅರ್ಥ ಅಂದೆ, ಎಷ್ಟು ಓಟ್ ಬಂದ್ರೆ ಹೀನಾಯ ಅಂತ ಕೇಳಿದ್ಲು, ಬ್ಬೆ ಬ್ಬೆ ಬ್ಬೆ. ಆಮೇಲೆ ಟಿಕೆಟ್ ಸಿಕ್ಮೇಲೂ ಬಿ ಫಾರಂಗೆ ಯಾಕೆ ಅಷ್ಟು ಒದ್ದಾಡ್ತಾರೆ ಅಂತ ಇನ್ನೊಂದು. ಕೊನೇಗೆ ನಂಗೇ ಒಂದು ಡೌಟು ಹುಟ್ಕೊಂಡ್ತು: 2019ರಲ್ಲಿ ಆಗಿನ ಕಾಂಗ್ರೆಸ್-ಜೆಡಿಎಸ್ ಸರ್ಕಾರದ ಕಡೆಯ 17 ಜನ ಶಾಸಕರು ತಾವಾಗೇ ತಾವು ಬಿಟ್ಟು ಹೋದ್ರಲ್ಲ, ಬಿಟ್ಟು ಹೋದವ್ರನ್ನ ಅನರ್ಹ ಮಾಡೋದು ಹೆಂಗೆ? ಮಾಡಿದ್ಮೇಲೆ ಅವ್ರೇ ಮತ್ತೆ ಎಲೆಕ್ಷನ್‌ಗೆ ನಿಂತಿದ್ ಹೆಂಗೆ? ಬಲ್ಲವ್ರು ಹೇಳಿ, ಪಕ್ಷದ ಜಗಳ ತರಬೇಡಿ ಪ್ಲೀಸ್.

ಹೊಲಿಗೆ_ಮಷಿನ್
ಠೇವಣಿ ವಿಷ್ಯ ನಂಗೆ ಬಿಡಿ, ನಮ್ಮನೇಲೇ ಅನುಭವಸ್ಥರಿದಾರೆ. ನಮ್ಮ ಮಾವ 2013ರಲ್ಲಿ ಅಸೆಂಬ್ಲಿಗೆ ಪಕ್ಷೇತರ ನಿಂತಿದ್ರು, ಚಿಹ್ನೆ ಹೊಲಿಗೆ ಮಷಿನ್ನು (ನನ್ನ ಹೆಸರು ಅಲ್ಲಿಂದ್ಲೇ ಬಂದಿದ್ದು). ನಾಮಪತ್ರದ ಜೊತೆ 10,000 ಕಟ್ಬೇಕು, ಎಸ್ಸಿ ಎಸ್ಟಿ ಅಭ್ಯರ್ಥಿಗಳಿಗೆ ಅದರರ್ಧ, ಲೋಕಸಭೆಗಾದ್ರೆ 25,000. ಚಲಾವಣೆಯಾದ ಸಿಂಧು (ಅಂದ್ರೆ ಲೆಕ್ಕಕ್ಕೆ ಸೇರೋ) ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಜಾಸ್ತಿ ಬಂದ್ರೆ ದುಡ್ಡು ವಾಪಸ್ಸು, ಇಲ್ದಿದ್ರೆ ಸರ್ಕಾರಕ್ಕೆ. ಒಂದೂವರೆ ಲಕ್ಷ ಸಿಂಧು ಓಟಿದ್ರೆ 25,000 ದಾಟಬೇಕು, ಸರಿಯಾಗಿ 25,000ಕ್ಕೇ ನಿಂತ್ರೂ ಹೋಯ್ತು. ಗೆದ್ದವ್ರಿಗೆ ಈ ಲೆಕ್ಕ ಇಲ್ಲ. ಮಾವನಿಗೆ ಬಂದಿದ್ದು ಆರ್ನೂರು ಚಿಲ್ರೆ, ನಮ್ಮ ನೆಂಟ್ರದ್ದೇ ಅದಕ್ಕಿಂತ ಜಾಸ್ತಿ ಓಟಿದಾವೆ ಕ್ಷೇತ್ರದಲ್ಲಿ, ಯಾರ್ ಕೈ ಕೊಟ್ರು ಅಂತ ಇವತ್ತಿಗೂ ಮದುವೆ ಮನೇಲಿ ಪಂಚಾಯ್ತಿ ನಡೀತದೆ.

ಬಿ ಫಾರಂ ಅಂದ್ರೆ ಇವ್ರು ನಮ್ಮ ಪಕ್ಷದ ಅಧಿಕೃತ ಅಭ್ಯರ್ಥಿ ಅಂತ ಪಕ್ಷ ಬರ್ಕೊಡೋ ಕಾಗದ. ಅದಕ್ಕೆ ಸೈನ್ ಹಾಕೋ ಅಧಿಕಾರ ಯಾರಿಗಿದೆ ಅಂತ ತಿಳಿಸೋದು ಎ ಫಾರಂ. ಟಿಕೆಟ್ ಅನ್ನೋದು ಬಾಯಿಮಾತು ಅಷ್ಟೇ, ನಾಮಪತ್ರದ ಕೊನೇ ದಿನ ಮಧ್ಯಾಹ್ನ 3 ಗಂಟೆ ಒಳಗೆ ಬಿ ಫಾರಂ ಚುನಾವಣಾಧಿಕಾರಿ ಕೈ ಸೇರದಿದ್ರೆ ಪಕ್ಷದ ಚಿಹ್ನೆ ಸಿಗಲ್ಲ. ಆ ಓಡಾಟ ಎಲ್ಲ ಅದಕ್ಕೇ.

ಧಾರವಾಡ_ಫೇಡಾ
ಅನರ್ಹತೆದು ನಾ ಹೇಳ್ತೀನ್ರೀ. 1985ರಾಗ ಸಂವಿಧಾನಕ್ಕ ಹತ್ತನೇ ಶೆಡ್ಯೂಲ್ ಸೇರಿಸಿದ್ರು, ಪಕ್ಷಾಂತರ ನಿಷೇಧ ಅಂತೀವಲ್ರೀ ಅದs. ಅದ್ರಾಗ ಶಾಸಕ ಸಿಕ್ಕೊಳ್ಳೂ ದಾರಿ ಮುಖ್ಯವಾಗಿ ಎರಡು: ಪಕ್ಷದ ವಿಪ್ (ಹಿಂಗs ಓಟ್ ಹಾಕ್ರಿ ಅನ್ನೂ ಆದೇಶ) ಮೀರಿ ಓಟ್ ಹಾಕೂದು ಇಲ್ಲಾ ಗೈರಾಗೂದು, ಇಲ್ಲಾ ತಾನಾಗೇ ಪಕ್ಷ ಬಿಡೂದು. ಮೊದ್ಲು ಮೂರನೇ ಒಂದು ಭಾಗ ಮಂದಿ ಒಡದು ಹೋದ್ರ ನಡೀತಿತ್ತು, 2003ರ ತಿದ್ದುಪಡಿ ಆ ಕಿಂಡಿ ಮುಚ್ಚಿತು.

ಹಿಂಗಾಗಿ ಹುಟ್ಟಿದ್ದು ರಾಜೀನಾಮೆ ಐಡಿಯಾ. ವಿಪ್ ಮೀರೂದೂ ಇಲ್ಲ, ಸೀಟs ಬಿಟ್ಬಿಟ್ರ ಮುಗೀತು. ಲೆಕ್ಕ ನೋಡ್ರಿ, 224 ಸೀಟಿಗೆ ಬಹುಮತ 113, ಅದ್ರಾಗ 17 ಕಳದ್ರ 207, ಬಹುಮತ 104ಕ್ಕ ಇಳೀತು, ಬಿಜೆಪಿ ಹತ್ರ ಇದ್ದಿದ್ದು 105. ಯಾರೂ ಆ ಕಡೆ ಓಟ್ ಹಾಕಲಾರದs ಆಟ ಮುಗೀತು! 2019 ಜುಲೈ 23ಕ್ಕ ಆಗಿನ ಮುಖ್ಯಮಂತ್ರಿ ಕುಮಾರಸ್ವಾಮಿ ಅವ್ರ ವಿಶ್ವಾಸಮತ 99-105ರಾಗ ಬಿತ್ತು.

ಈಗ ನಿಮ್ಮ ಪ್ರಶ್ನೆ. ರಾಜೀನಾಮೆ ಬರ್ದು ಕೊಟ್ಟ ಕೂಡ್ಲೇ ಸೀಟು ಹೋಗೂದಿಲ್ಲ, ಸ್ಪೀಕರ್ ಅಂಗೀಕಾರ ಮಾಡ್ಬೇಕು. ಸ್ಪೀಕರ್ ರಮೇಶ್ ಕುಮಾರ್ ಅದನ್ನ ಒಪ್ಪಲಿಲ್ಲ, ಬದ್ಲಿಗೆ ಪಕ್ಷ ಬಿಟ್ಟಾರ ಅಂತ ಅನರ್ಹ ಮಾಡಿದ್ರು, ಅದೂ ಆ ವಿಧಾನಸಭೆ ಅವಧಿ ಮುಗಿಯೂತನಕ. ನವೆಂಬರದಾಗ ಸುಪ್ರೀಂ ಕೋರ್ಟು ಅನರ್ಹತೆ ಖರೇನ, ಆದ್ರ ಅಷ್ಟು ವರ್ಷ ನಿಲ್ಲಬ್ಯಾಡ ಅನ್ನೂ ಅಧಿಕಾರ ಸ್ಪೀಕರ್‌ಗೆ ಇಲ್ಲ ಅಂತು. ಡಿಸೆಂಬರ್ 5ಕ್ಕ ಆ 17ರಾಗ 15 ಸೀಟಿಗೆ ಉಪಚುನಾವಣೆ, ಬಿಜೆಪಿ 12 ಗೆದ್ತು. ಅನರ್ಹ ಆದವ್ರು ಮತ್ತ ಗೆಲ್ಲೂತನಕ ಮಂತ್ರಿ ಆಗಂಗಿಲ್ಲ ಅಂತನೂ ಕಾನೂನೈತಿ, ಅದಕ್ಕs ಅಷ್ಟು ಅವಸರ. ನನ್ನ ಕೇಳಿದ್ರ ಓಟ್ ಹಾಕಿದ ಮಂದಿ ಮುಖ ನೋಡಿ ಯಾರೂ ಬರ್ದ ಕಾನೂನಲ್ಲ ಇದು, ಇರ್ಲಿ ಬಿಡ್ರಿ.

ಕಾಫಿ_ಎರಡು_ಲೋಟ
ಮಗಳಿಗೆ ನೋಟಾನೂ (ಇವ್ರಲ್ಲಿ ಯಾರೂ ಬೇಡ ಅನ್ನೋ ಬಟನ್) ಹೇಳ್ಕೊಡಿ. ನೋಟಾಗೆ ಜಾಸ್ತಿ ಓಟ್ ಬಿದ್ರೆ ಎಲ್ರದ್ದೂ ಠೇವಣಿ ಹೋಗಿ ಮತ್ತೆ ಎಲೆಕ್ಷನ್ ಆಗತ್ತೆ.

ಹೊಲಿಗೆ_ಮಷಿನ್
ಇಲ್ಲ ಸಾರ್, ಅದು ವಾಟ್ಸಾಪ್ ಯೂನಿವರ್ಸಿಟಿ. ಅಸೆಂಬ್ಲಿ, ಪಾರ್ಲಿಮೆಂಟ್ ಎಲೆಕ್ಷನ್ನಲ್ಲಿ ನೋಟಾ ಎಷ್ಟೇ ಬರ್ಲಿ, ಅಭ್ಯರ್ಥಿಗಳಲ್ಲಿ ಯಾರಿಗೆ ಜಾಸ್ತಿಯೋ ಅವ್ರೇ ಗೆದ್ದಂಗೆ. ಠೇವಣಿ ಲೆಕ್ಕಕ್ಕೂ ನೋಟಾ ಸೇರಲ್ಲ. ಹಂಗಂತ ಒಂದೊಂದ್ ಓಟೂ ಲೆಕ್ಕಕ್ಕಿಲ್ಲ ಅನ್ಬೇಡಿ, 2004ರಲ್ಲಿ ಸಂತೇಮರಹಳ್ಳೀಲಿ ಧ್ರುವನಾರಾಯಣ ಗೆದ್ದಿದ್ದು ಒಂದೇ ಒಂದು ಓಟಲ್ಲಿ, 2023ರಲ್ಲಿ ಜಯನಗರದ ಅಂತರ 16.

ಕಾಫಿ_ಎರಡು_ಲೋಟ
ಓ ಹಂಗಾ, ಸರಿ. ಫ್ಯಾಮಿಲಿ ಗ್ರೂಪಲ್ಲಿ ನಾನೇ ಹಾಕಿದ್ದೆ ಅದನ್ನ, ಡಿಲೀಟ್ ಮಾಡ್ತೀನಿ.

ಸುಮ್ನೆ_ಕೇಳ್ದೆ
ಎಲ್ರಿಗೂ ಥ್ಯಾಂಕ್ಸ್. ಫೇಡಾ ಅವ್ರ 207ರ ಲೆಕ್ಕ ಪೇಪರಲ್ಲಿ ಬರ್ದು ತೋರಿಸ್ದೆ, ಇವಾಗ ಅರ್ಥ ಆಯ್ತು ಅಂದ್ಲು. ಆದ್ರೆ ಈಗ ಹೊಸ ಪ್ರಶ್ನೆ, ಗ್ರಾಮ ಪಂಚಾಯ್ತಿ ಎಲೆಕ್ಷನ್ನಲ್ಲಿ ಪಕ್ಷದ ಚಿಹ್ನೆನೇ ಇರಲ್ವಲ್ಲ, ಮತ್ತೆ ಇಷ್ಟು ಪಂಚಾಯ್ತಿ ನಾವೇ ಗೆದ್ವಿ ಅಂತ ಎಲ್ಲಾ ಪಕ್ಷದವ್ರೂ ಹೆಂಗೆ ಹೇಳ್ಕೋತಾರೆ ಅಂತೆ.