ಅಟ್ಟದ ಮೇಲಿನ ಹತಾರ ಪೆಟ್ಟಿಗೆ: ಗುಜರಿಗೆ ಹಾಕುವ ಮೊದಲು

ತೀರ್ಥಹಳ್ಳಿಯಿಂದ, ಪ್ರಶ್ನೆ:
ಅಜ್ಜನ ಮನೆಯ ಅಟ್ಟ ಗುಡಿಸುವಾಗ ಹಲಸಿನ ಹಲಗೆಯ ಪೆಟ್ಟಿಗೆಯೊಂದು ಸಿಕ್ಕಿತು. ಒಳಗೆ ಬಾಚಿ, ಐದು ಉಳಿ, ಮರದ ಹತ್ತರಿ, ಹಗ್ಗ ಸುತ್ತಿ ಎಳೆಯುವ ಬೈರಿಗೆ, ಮೊಂಡಾದ ಗರಗಸ ಇವೆ. ಎಲ್ಲಕ್ಕೂ ತುಕ್ಕು ಹಿಡಿದಿದೆ. ಮಳೆ ಶುರುವಾದಾಗಿನಿಂದ ಬಚ್ಚಲುಮನೆಯ ಬಾಗಿಲು ಉಬ್ಬಿ ಕಚ್ಚಿಕೊಳ್ಳುತ್ತಿದೆ. ಅದನ್ನು ಇವುಗಳಿಂದಲೇ ಸರಿಮಾಡುವ ಆಸೆ. ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಗುಜರಿಗೆ ಕೊಡಲಿ? ಬಳಸಿ ಗೊತ್ತಿರುವವರು ಹೇಳಿ.

ಸಾಗರದಿಂದ:
ಯಾವುದನ್ನೂ ಕೊಡಬೇಡಿ. ತುಕ್ಕು ನೋಡಿ ಹತಾರಕ್ಕೆ ಬೆಲೆ ಕಟ್ಟಬಾರದು, ಸಾಣೆ ಹಿಡಿದ ಮೇಲೆ ಕಟ್ಟಬೇಕು.

ಉಳಿಯಿಂದ ಶುರುಮಾಡಿ. ಹುಣಸೆಹಣ್ಣನ್ನು ಗಟ್ಟಿಯಾಗಿ ಕಿವುಚಿ, ಆ ನೀರಿನಲ್ಲಿ ಕಬ್ಬಿಣದ ಭಾಗವನ್ನು ಮಾತ್ರ ಒಂದು ರಾತ್ರಿ ನೆನೆಸಿಡಿ. ಬೆಳಿಗ್ಗೆ ತೆಂಗಿನ ನಾರಿನಿಂದ ತಿಕ್ಕಿದರೆ ತುಕ್ಕು ಕಪ್ಪು ಕೆಸರಿನಂತೆ ಬಿಡುತ್ತದೆ. ಹುಳಿ ಉಳಿದರೆ ಅದೇ ಮತ್ತೆ ಕಬ್ಬಿಣವನ್ನು ತಿನ್ನುತ್ತದೆ. ಆದ್ದರಿಂದ ಬೂದಿ ನೀರಿನಲ್ಲಿ ತೊಳೆದು, ಒಲೆಯ ಪಕ್ಕದಲ್ಲಿ ಒಣಗಿಸಿ, ತಕ್ಷಣ ಎಣ್ಣೆ ಸವರಿ.

ಗ್ರೈಂಡರಿಗೆ ಮಾತ್ರ ಕೊಡಬೇಡಿ. ನನ್ನ ಮಾವನ ಒಂದೂವರೆ ಇಂಚಿನ ಉಳಿಯನ್ನು ನಾನೇ ಗ್ರೈಂಡರಿಗೆ ಹಿಡಿದು ಕೆಡಿಸಿದ್ದೇನೆ. ಕಿಡಿ ಹಾರುವುದನ್ನು ನೋಡುತ್ತಿದ್ದಂತೆಯೇ ತುದಿಯಲ್ಲಿ ನವಿಲಿನ ಕತ್ತಿನಂಥ ನೀಲಿ ಮೂಡಿತು. ಉಳಿಯ ಬಾಯಿಗೆ ಒಣಹುಲ್ಲಿನ ಹಳದಿ ಬಣ್ಣದವರೆಗಿನ ಕಾವು ಸಾಕು. ನೀಲಿಗೆ ತಿರುಗಿತೆಂದರೆ ಹದ ಹೋಯಿತು, ಆಮೇಲೆ ಎಷ್ಟು ಮಸೆದರೂ ಎರಡು ಏಟಿಗೆ ಮೊಂಡಾಗುತ್ತದೆ. ಆ ಭಾಗವನ್ನು ಪೂರ್ತಿ ಸವೆಸಿ ತೆಗೆಯಲು ನನಗೆ ಮೂರು ಭಾನುವಾರ ಹಿಡಿಯಿತು.

ಸಾಣೆಕಲ್ಲಿಗೆ ನೀರು ಹಾಕಿ, ಮೊದಲು ಉಳಿಯ ಬೆನ್ನನ್ನು ಚಪ್ಪಟೆಯಾಗಿ ಇಟ್ಟು ತಿಕ್ಕಿ. ಎಲ್ಲರೂ ಬಿಡುವುದು ಇದನ್ನೇ. ಬೆನ್ನು ಕನ್ನಡಿಯಂತಾಗದೆ ಬಾಯಿ ಹರಿತವಾಗುವುದಿಲ್ಲ. ನಂತರ ಇಳಿಜಾರು ಮುಖವನ್ನು 25ರಿಂದ 30 ಡಿಗ್ರಿಯಲ್ಲಿ ಮಸೆಯಿರಿ. ಬೆನ್ನಿನ ಕಡೆ ಬೆರಳಾಡಿಸಿದರೆ ಕೂದಲೆಳೆಯಂಥ ಸಿಪ್ಪೆ ತಾಗುತ್ತದೆ. ಬೆನ್ನನ್ನು ಕಲ್ಲಿನ ಮೇಲೆ ಒಮ್ಮೆ ಎಳೆದರೆ ಅದೂ ಹೋಗುತ್ತದೆ. ಇಷ್ಟಾದ ಮೇಲೆ ಹೊಡೆಯುವುದು ಕೊಡತಿಯಿಂದ. ಕಬ್ಬಿಣದ ಸುತ್ತಿಗೆ ಬಿದ್ದರೆ ಹಿಡಿ ಸೀಳುತ್ತದೆ.

ಹತ್ತರಿಯ ಅಲಗನ್ನೂ ಹೀಗೆಯೇ ಮಸೆಯಿರಿ. ಅದಕ್ಕೆ ತಿರುಪು ಇಲ್ಲವೆಂದು ಹೆದರಬೇಡಿ, ಬೆಣೆಯೇ ಅದರ ಬಿಗಿ. ಅಲಗಿನ ತಲೆಗೆ ಮೆಲ್ಲಗೆ ತಟ್ಟಿದರೆ ಕೆಳಗಿಳಿಯುತ್ತದೆ, ಹತ್ತರಿಯ ಹಿಂಬದಿಗೆ ತಟ್ಟಿದರೆ ಮೇಲೇರುತ್ತದೆ. ಎರಡು ದಿನ ಕೈ ಆಡಿದರೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಸುರುಳಿ ಬರುತ್ತದೆ.

ಹೊಸನಗರದಿಂದ:
ಸಾಗರದ ಅಣ್ಣ ಹೇಳಿದ್ದು ಸರಿ. ಆದರೆ ಹುಣಸೆ ನೀರಿನಲ್ಲಿ ರಾತ್ರಿಯಿಡೀ ಬಿಡುವುದನ್ನು ನಾನು ಒಪ್ಪುವುದಿಲ್ಲ. ತುಕ್ಕು ಮೇಲುಮೇಲಿನದಾಗಿದ್ದರೆ ಎರಡು ಗಂಟೆ ಸಾಕು. ನಮ್ಮ ಮನೆಯ ಮೆಟ್ಟುಗತ್ತಿ ಹೆಚ್ಚು ಹೊತ್ತು ನೆನೆದು ಮೈಯೆಲ್ಲ ಗುಳಿ ಬಿದ್ದಿತ್ತು.

ಬೈರಿಗೆಯನ್ನು ಪ್ರದರ್ಶನಕ್ಕೆ ಇಡುವವರೇ ಹೆಚ್ಚು, ನಾನು ಈಗಲೂ ಬಳಸುತ್ತೇನೆ. ಆಷಾಢದಲ್ಲಿ ನಮ್ಮಲ್ಲಿ ಕರೆಂಟು ಹೋದರೆ ಮೂರು ದಿನ ಬರುವುದಿಲ್ಲ. ಕಳೆದ ವರ್ಷ ಕೊಟ್ಟಿಗೆಯ ಬಾಗಿಲ ಚೌಕಟ್ಟು ಸಡಿಲವಾದಾಗ ನಾನು ಮೇಲಿನಿಂದ ಒತ್ತಿ ಹಿಡಿದೆ, ಮಗಳು ಹಗ್ಗ ಎಳೆದಳು. ಮತ್ತಿ ಮರದಲ್ಲಿ ನಾಲ್ಕು ತೂತು ಕೊರೆದು ಬಿದಿರಿನ ಮೊಳೆ ಹೊಡೆದೆವು. ಈ ಬೈರಿಗೆ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಗುತ್ತದೆ. ಅದಕ್ಕೇ ಅದರ ಮೊನೆ ಈಟಿಯ ತಲೆಯಂತೆ ಎರಡೂ ಕಡೆ ಹರಿತವಾಗಿರಬೇಕು. ಡ್ರಿಲ್ಲಿಗೆ ಹಾಕುವ ಸುರುಳಿ ಮೊನೆ ಇದಕ್ಕೆ ಒಗ್ಗುವುದಿಲ್ಲ.

ಬಾಚಿಯ ಕಾವು ಅಲುಗಿದರೆ ನೀರಿನಲ್ಲಿ ನೆನೆಸಬೇಡಿ. ಅಂದಿಗೆ ಬಿಗಿಯಾಗಿ, ಒಣಗಿದ ಮೇಲೆ ಮೊದಲಿಗಿಂತ ಸಡಿಲವಾಗುತ್ತದೆ. ಬೆಣೆ ಹೊಡೆಯುವುದೇ ಸರಿ. ಬಾಚಿ ಕೆಲಸ ಮಾಡುವುದು ನಮ್ಮ ಮೈಯ ಕಡೆಗೆ, ತಲೆ ಕಳಚಿದರೆ ಮೊಣಕಾಲಿಗೇ ಬರುತ್ತದೆ.

ಶಿವಮೊಗ್ಗದಿಂದ:
ಬಾಗಿಲಿನ ಬಗ್ಗೆ ಯಾರೂ ಹೇಳಲಿಲ್ಲ. ಈಗಲೇ ಹತ್ತರಿ ಹೊಡೆಯಬೇಡಿ! ಮರ ಉದ್ದಕ್ಕೆ ಹಿಗ್ಗುವುದು ತೀರ ಕಡಿಮೆ, ಅಗಲಕ್ಕೆ ಹಿಗ್ಗುತ್ತದೆ. ಮಳೆಯಲ್ಲಿ ಕಚ್ಚಿಕೊಳ್ಳುವಷ್ಟನ್ನೂ ಈಗ ಕೆತ್ತಿದರೆ ಮಾರ್ಚಿನಲ್ಲಿ ಬೆರಳು ತೂರುವಷ್ಟು ಸಂದಿ ಬೀಳುತ್ತದೆ. ಎಲ್ಲಿ ಉಜ್ಜುತ್ತದೆಯೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಡಿ. ಫೆಬ್ರವರಿಯಲ್ಲಿ ಬಾಗಿಲು ಇಳಿಸಿ, ಗುರುತಿದ್ದಲ್ಲಿ ಮಾತ್ರ ತೆಳುವಾಗಿ ತೆಗೆದು, ಮೇಲಂಚಿಗೂ ಕೆಳಂಚಿಗೂ ಎರಡು ಸಲ ಬಣ್ಣ ಹಚ್ಚಿ. ಬಚ್ಚಲ ಬಾಗಿಲು ನೀರು ಕುಡಿಯುವುದು ಆ ಕೆಳಂಚಿನಿಂದಲೇ. ಅದಕ್ಕೆ ಬಣ್ಣ ಹಚ್ಚಿದ ಮನೆಯನ್ನು ನಾನು ಇನ್ನೂ ನೋಡಿಲ್ಲ.

ಸೊರಬದಿಂದ:
ಹಿಡಿಗಳನ್ನು ನುಣುಪಾಗಿಸಲು ಗರಗತ್ತಿ ಎಲೆ ಸಿಗುತ್ತದೆಯೇ ನೋಡಿ, ನಿಮ್ಮ ಕಡೆ ಕಾಡಂಚಿನಲ್ಲಿ ಇದ್ದೇ ಇರುತ್ತದೆ. ಮುಟ್ಟಿದರೆ ಬೆಕ್ಕಿನ ನಾಲಿಗೆಯಂತೆ ಒರಟು. ಮರಳುಕಾಗದಕ್ಕಿಂತ ಮೆದುವಾಗಿ ಉಜ್ಜುತ್ತದೆ, ಗೀರು ಉಳಿಸುವುದಿಲ್ಲ.

ತೀರ್ಥಹಳ್ಳಿಯಿಂದ, ಮತ್ತೆ:
ಎಲ್ಲರಿಗೂ ನಮಸ್ಕಾರ. ಎರಡು ಉಳಿ ಹೊಳೆಯುತ್ತಿವೆ, ಬಾಗಿಲಿಗೆ ಗುರುತು ಹಾಕಿದ್ದೇನೆ. ಗರಗಸದ ಹಲ್ಲುಗಳು ಮಾತ್ರ ಹಿಡಿಯ ಕಡೆಗೆ ಬಾಗಿವೆ. ಯಾರಾದರೂ ತಪ್ಪಾಗಿ ಅರ ಹಾಕಿರಬಹುದೇ?

ಸಾಗರದಿಂದ:
ತಪ್ಪಲ್ಲ, ಅದು ಎಳೆಯುವಾಗ ಕೊಯ್ಯುವ ಗರಗಸ. ನೆಲದ ಮೇಲೆ ಕುಳಿತು, ಮರವನ್ನು ಕಾಲಿನಿಂದ ಅದುಮಿ ಹಿಡಿದು ತಮ್ಮ ಕಡೆಗೆ ಎಳೆಯುತ್ತಿದ್ದ ಆಚಾರರ ಹತಾರ. ತಗಡು ತೆಳುವಾಗಿದ್ದರೂ ಎಳೆತಕ್ಕೆ ಮಡಚುವುದಿಲ್ಲ. ಹಲ್ಲಿನ ದಿಕ್ಕು ಬದಲಿಸದೆ ಮೂರುಮೂಲೆ ಅರದಿಂದ ಪ್ರತಿ ಹಲ್ಲಿಗೂ ಸಮನಾಗಿ ಎರಡೆರಡು ಎಳೆತ ಕೊಡಿ. ಆಮೇಲೆ ಒಂದನ್ನು ಎಡಕ್ಕೆ, ಮುಂದಿನದನ್ನು ಬಲಕ್ಕೆ ತುಸುವೇ ಬಾಗಿಸಿ. ಧೈರ್ಯ ಸಾಲದಿದ್ದರೆ ಸಾಗರಕ್ಕೆ ತನ್ನಿ, ಕುಳಿತು ಮಾಡೋಣ.